ಬಂದರಿನ ಅಡಿಕೆ ಅಂಗಡಿಯ ಫಾಕ್ಸ್‌ಪ್ರೊ ಲೆಕ್ಕವನ್ನು ಟ್ಯಾಲಿಗೆ ತರುವುದು ಹೇಗೆ?

ಚಾಲಿಅಂಗಡಿ:
ನಮಸ್ಕಾರ. ಮಂಗಳೂರು ಬಂದರಿನಲ್ಲಿ ನಮ್ಮದು ಅಡಿಕೆ ಅಂಗಡಿ. 1996ರಲ್ಲಿ ಅಪ್ಪ ಫಾಕ್ಸ್‌ಪ್ರೊ 2.6ರಲ್ಲಿ (ಡಾಸ್ ಕಾಲದ ಡೇಟಾಬೇಸ್ ಸಾಫ್ಟ್‌ವೇರ್) ಮಾಡಿಸಿದ ಲೆಕ್ಕದ ಪ್ರೋಗ್ರಾಂ ಇವತ್ತಿಗೂ ಓಡುತ್ತಿದೆ. ಬರೆದುಕೊಟ್ಟವರು ಈಗ ಇಲ್ಲ. ರೈತರು ಚೀಲ ಇಳಿಸಿದರೆ ತೂಕ ಹಾಕಿ, ಹೊಸ ಚಾಲಿ, ಹಳೆ ಚಾಲಿ, ಪಟೋರ, ಉಳ್ಳಿಗಡ್ಡೆ, ಕೋಕಾ ಅಂತ ಅಡಿಕೆಯ ದರ್ಜೆಗಳನ್ನು ಬೇರೆ ಬೇರೆ ಬರೆದು ಚೀಟಿ ಕೊಡಲು ಎರಡು ನಿಮಿಷ ಸಾಕು. ಲೆಕ್ಕ ಬರೆಯುವ ನಮ್ಮ ರೈಟರ್ ಮಾವ ಕೀಬೋರ್ಡ್ ನೋಡುವುದೇ ಇಲ್ಲ.

ಆದರೆ 2017ರಲ್ಲಿ ಜಿಎಸ್‌ಟಿ ಬಂದಾಗಿನಿಂದ ಅದೇ ಲೆಕ್ಕವನ್ನು ರಾತ್ರಿ ಕೂತು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿಗೆ ಮತ್ತೆ ಹೊಡೆಯುತ್ತಿದ್ದೇವೆ. ಸೀಸನ್‌ನಲ್ಲಿ ಹತ್ತು ಗಂಟೆ ಆಗುತ್ತದೆ. ಹಳೇ ಕಂಪ್ಯೂಟರ್ ಕೈಕೊಟ್ಟರೆ ಎಂತ ಮಾಡುವುದು ಅಂತ ಹೆದರಿಕೆ ಬೇರೆ. 64 ಬಿಟ್ ವಿಂಡೋಸ್‌ನಲ್ಲಿ ಇದು ತೆರೆಯುವುದಿಲ್ಲ.

ಫಾಕ್ಸ್‌ಪ್ರೊ ಲೆಕ್ಕ ಇಟ್ಟುಕೊಳ್ಳುವ ಡಿಬಿಎಫ್ ಫೈಲಿನ ಒಂದು ನಕಲು ತೆಗೆದು ಎಕ್ಸೆಲ್‌ನಲ್ಲಿ ನೋಡಿದೆ. 2024ರ ಖರೀದಿಗೆ 1924 ಅಂತ ತಾರೀಕು ಉಂಟು. ಕೆಲವು ಸಾಲುಗಳಲ್ಲಿ ತೂಕ ಉಂಟು, ದರ ಮಾತ್ರ ಸೊನ್ನೆ. ಇವನ್ನೆಲ್ಲ ಅಳಿಸಿ ಚೊಕ್ಕ ಮಾಡಿಯೇ ಟ್ಯಾಲಿಗೆ ಹಾಕಬೇಕಾ?

ಮಣಿಪಾಲಕೋಡ್:
ಹಳೇ ಫೈಲನ್ನು ಮುಟ್ಟಬೇಡಿ. ಫಾಕ್ಸ್‌ಪ್ರೊ 2.6ರಲ್ಲಿ ಇಸವಿಯ ಕೊನೆಯ ಎರಡು ಅಂಕಿ ಮಾತ್ರ ಹೊಡೆದರೆ ಅದು ಮೊದಲಿಗೆ 19 ಸೇರಿಸಿಕೊಳ್ಳುತ್ತದೆ, ಅಷ್ಟೇ. ಟ್ಯಾಲಿಗೆ ಕಳಿಸುವಾಗ 1996ಕ್ಕಿಂತ ಹಿಂದಿನ ತಾರೀಕಿಗೆ ನೂರು ವರ್ಷ ಕೂಡಿಸಿ.

ಅಂಗಡಿ ಮುಚ್ಚಿದ ಮೇಲೆ ಇಡೀ ಫೋಲ್ಡರ್ ನಕಲು ಮಾಡಿ. ಆ ನಕಲನ್ನು ಪೈಥಾನ್ ಭಾಷೆಯ ಸಣ್ಣ ಪ್ರೋಗ್ರಾಂನಲ್ಲಿ ಓದಿ ಎಕ್ಸ್‌ಎಂಎಲ್ ಫೈಲ್ ಮಾಡಿದರೆ ಟ್ಯಾಲಿ ತೆಗೆದುಕೊಳ್ಳುತ್ತದೆ. ಡಿಲೀಟ್ ಮಾಡಿದ ಸಾಲು ಡಿಬಿಎಫ್‌ನಿಂದ ಕೂಡಲೇ ಹೋಗುವುದಿಲ್ಲ, ಅದರ ಮುಂದೆ ಒಂದು ನಕ್ಷತ್ರದ ಗುರುತು ಬೀಳುತ್ತದೆ. ಅವನ್ನು ಬಿಟ್ಟು ಓದಿ. ಹೊಸ ಕಂಪ್ಯೂಟರಿಗೆ ವಿಡಾಸ್‌ಪ್ಲಸ್ (ಹಳೇ ಡಾಸ್ ಪ್ರೋಗ್ರಾಂ ಓಡಿಸುವ ಸಾಫ್ಟ್‌ವೇರ್) ಹಾಕಿ ನೋಡಿ, ಮಾವನ ಪ್ರೋಗ್ರಾಂ ಅದರೊಳಗೆ ಓಡಬಹುದು.

ಉಡುಪಿಲೆಕ್ಕ:
ತಾರೀಕಿನದ್ದು ಸರಿ. ಆದರೆ ಆ ಸೊನ್ನೆ ದರದ ಸಾಲುಗಳ ಬಗ್ಗೆ ನಿಮ್ಮ ರೈಟರ್ ಮಾವನನ್ನು ಕೇಳಿದ್ದೀರಾ? ಮೊದಲು ಕೇಳಿ ಮಾರಾಯ್ರೆ.

ನಾನು ಹಿಂದೆ ಒಂದು ಸೊಸೈಟಿಯ ಲೆಕ್ಕ ಹೊಸ ಸಾಫ್ಟ್‌ವೇರಿಗೆ ಹಾಕುವಾಗ ಬಡ್ಡಿ ಸೊನ್ನೆ ಇದ್ದ ಸಾಲುಗಳನ್ನು ತಪ್ಪು ಅಂತ ಬಿಟ್ಟುಬಿಟ್ಟೆ. ಅವು ಬಡ್ಡಿ ಮನ್ನಾ ಆದ ಸಾಲಗಳು. ಅಸಲು ಬಾಕಿ ಇತ್ತು. ಮೂರು ತಿಂಗಳು ಲೆಕ್ಕ ತಾಳೆ ಆಗಲಿಲ್ಲ. ಅಲ್ಲಿ 22 ವರ್ಷ ಲೆಕ್ಕ ಬರೆದ ಅಕ್ಕ ಪಕ್ಕದ ಮೇಜಿನಲ್ಲೇ ಇದ್ದರು. ನಾನು ಅವರನ್ನು ಒಂದು ಮಾತು ಕೇಳಿರಲಿಲ್ಲ. ಈಗಲೂ ಅದು ಮನಸ್ಸಿನಲ್ಲಿ ಉಂಟು.

ನನಗೆ ಅನ್ನಿಸುವುದು, ನಿಮ್ಮಲ್ಲಿ ಅದು ದರ ಕಡಿಯದೆ, ಅಂದರೆ ದರ ನಿಗದಿ ಮಾಡದೆ, ರೈತರು ಇಟ್ಟುಹೋದ ಅಡಿಕೆ. ರೇಟು ಏರಲಿ ಅಂತ ಕಾಯುವವರು ಇರುತ್ತಾರಲ್ವಾ? ಹಾಗಿದ್ದರೆ ಅದನ್ನು ಖರೀದಿ ಅಂತ ಹಾಕಬೇಡಿ. ಟ್ಯಾಲಿಯಲ್ಲಿ ರಿಸೀಟ್ ನೋಟ್ ಉಂಟು, ಮಾಲು ಬಂದದ್ದು ಅಲ್ಲಿ ನಿಲ್ಲುತ್ತದೆ. ದರ ಕಡಿದ ದಿನ ಖರೀದಿ ಬಿಲ್ಲು ಮಾಡಿ.

ಚಾಲಿಅಂಗಡಿ:
ನಿನ್ನೆ ಮಾವನ ಪಕ್ಕ ಕೂತು ಒಂದೊಂದೇ ಸಾಲು ನೋಡಿದೆ. ನೀವು ಹೇಳಿದ್ದೇ ಸರಿ. ಒಟ್ಟು 41 ಸಾಲು, ಎಲ್ಲಾ ದರ ಕಡಿಯದ ಮಾಲು. ಒಂದೇ ಹೆಸರಿನ ಮೂವರು ನಾರಾಯಣ ಭಟ್ಟರು ಇದ್ದಾರೆ. ಪ್ರೋಗ್ರಾಂನಲ್ಲಿ ಮನೆ ಹೆಸರಿಗೆ ಹತ್ತೇ ಅಕ್ಷರ ಜಾಗ, ಉಳಿದದ್ದು ಕತ್ತರಿಸಿ ಹೋಗಿದೆ. ಮಾವ ಮೂವರ ಪೂರ್ತಿ ಮನೆ ಹೆಸರನ್ನೂ ಬಾಯಲ್ಲೇ ಹೇಳಿದರು, ನಾನು ಬರೆದುಕೊಂಡೆ.

ವಿಟ್ಲ ಕಡೆಯ ಒಬ್ಬ ಅಜ್ಜಿಯದ್ದು ಆರು ಚೀಲ ಹಳೆ ಚಾಲಿ, ಮೊಮ್ಮಗಳ ಮದುವೆಗೆ ಅಂತ ಇಟ್ಟದ್ದಂತೆ. ನಾನು ಅಳಿಸಲು ಹೊರಟಿದ್ದ ಸಾಲುಗಳಲ್ಲಿ ಅದೂ ಇತ್ತು.

ಮಣಿಪಾಲದವರೇ, ಆ ಪೈಥಾನ್ ಕೆಲಸಕ್ಕೆ ಭಾನುವಾರ ಸ್ವಲ್ಪ ಹೊತ್ತು ಸಿಗುತ್ತೀರಾ? ಸದ್ಯಕ್ಕೆ 41 ಸಾಲನ್ನೂ ರಿಸೀಟ್ ನೋಟಿಗೆ ಕೈಯಲ್ಲೇ ಹಾಕುತ್ತಿದ್ದೇನೆ.