ಎಡಗೈ ಬೋಲ್ಟ್ ರೈಫಲ್ ಬೇಕು, ಅಗ್ಗದ್ದು: ಬಲಗೈಯದರ ಜೊತೆ ಏಗಿ ಸಾಕಾಯಿತು

ಎಡಚಯ್ಯ:
ಮೂರು ವರ್ಷದಿಂದ ಬಲಗೈ ಬೋಲ್ಟಿನ (ತೋಟಾ ತುಂಬಲು, ಖಾಲಿಯದನ್ನು ಹೊರಹಾಕಲು ಕೈಯಲ್ಲಿ ಎಳೆಯುವ ಸರಳು ಬಲಬದಿಗಿರುವ) ಹಳೆಯ ರೈಫಲ್ ಒಂದನ್ನು ಎಡ ಹೆಗಲಿಗೆ ಕೊಟ್ಟು ಹೊಡೆಯುತ್ತಿದ್ದೇನೆ. ಮೊದಲ ಗುಂಡಿಗೆ ತಕರಾರಿಲ್ಲ. ಎರಡನೆಯದು ಬೇಕಾದಾಗ ಶುರುವಾಗುತ್ತದೆ ಪರದಾಟ. ಎಡಗೈಯನ್ನು ಸ್ಕೋಪಿನ (ಗುರಿ ನೋಡುವ ದುರ್ಬೀನಿನ) ಮೇಲಿಂದ ಆಚೆ ದಾಟಿಸಿ ಬೋಲ್ಟ್ ಹಿಡಿಯಬೇಕು, ಅಷ್ಟರಲ್ಲಿ ತಲೆ ಎದ್ದಿರುತ್ತದೆ, ಹಂದಿ ಪೊದೆ ಸೇರಿರುತ್ತದೆ. ಹೊಡೆದ ತೋಟಾದ ಖಾಲಿ ಕೇಸ್ (ಲೋಹದ ಕವಚ) ಕೆಲವೊಮ್ಮೆ ಹೊರಗೇ ಬೀಳದೆ ಬೋಲ್ಟಿನ ಎದುರು ಉರುಳುತ್ತಾ ಕೂರುತ್ತದೆ. ಸಾಕಾಗಿದೆ. ಎಡಗೈಯವರಿಗೆಂದೇ ಮಾಡಿದ, ಜೇಬಿಗೆ ಭಾರವಾಗದ ಬೋಲ್ಟ್ ರೈಫಲ್ ಯಾವುದು? ಹೆಸರು ಹೇಳಿದರೆ ಸಾಕು. ಪರವಾನಗಿ ಇದೆ, ಆ ಚರ್ಚೆ ಬೇಡ.

ಗುರಿಕಾರ:
ಸ್ಯಾವೇಜ್ ಆಕ್ಸಿಸ್, ಎಡಗೈ ಮಾದರಿ. ಮುಗಿಯಿತು.

ಮರದಹಿಡಿ:
ಪ್ಲಾಸ್ಟಿಕ್ ಹಿಡಿಯ ರೈಫಲ್ಲನ್ನು ಹೆಗಲಿಗೇರಿಸುವುದಕ್ಕಿಂತ ದೊಣ್ಣೆ ಹಿಡಿದು ಹೋಗುವುದು ಮೇಲು.

ಗುರಿಕಾರ:
ಅವರು ಅಗ್ಗದ್ದು ಕೇಳಿದ್ದಾರೆ ಸ್ವಾಮಿ, ಮದುವೆಗೆ ಒಯ್ಯುವುದಕ್ಕಲ್ಲ. ಎಡಗೈಯವರನ್ನು ಮೊದಲು ಮನುಷ್ಯರೆಂದು ಲೆಕ್ಕಕ್ಕೆ ತೆಗೆದುಕೊಂಡದ್ದೇ ಸ್ಯಾವೇಜ್. 1958ರಲ್ಲಿ ಮಾದರಿ 110 ಬಂತು, ಮರುವರ್ಷವೇ ಅದರ ಎಡಗೈ ರೂಪವೂ ಬಂತು. ಆಕ್ಸಿಸ್ ತೆಗೆದುಕೊಳ್ಳುವುದಾದರೆ ಅಕ್ಯುಟ್ರಿಗರ್ (ಬಿಗಿ ಹೊಂದಿಸಬಹುದಾದ ಟ್ರಿಗರ್) ಇರುವ ಆಕ್ಸಿಸ್ 2 ತೆಗೆದುಕೊಳ್ಳಿ.

ತೋಟಾಪುಟ್ಟ:
ರೂಗರ್ ಅಮೆರಿಕನ್ ಕೂಡ ಎಡಗೈಗೆ ಸಿಗುತ್ತದೆ. ಅದರ ಬೋಲ್ಟಿಗೆ ಮೂರು ಲಗ್ (ಬೀಗದ ಹಲ್ಲು), ಹಿಡಿಕೆ 70 ಡಿಗ್ರಿ ಎತ್ತಿದರೆ ಸಾಕು. ಸ್ಯಾವೇಜ್‌ನಲ್ಲಿ 90. ಸ್ಕೋಪಿನ ಕೆಳಗೆ ಬೆರಳು ಆಡಿಸುವವರಿಗೆ ಈ 20 ಡಿಗ್ರಿಯ ಬೆಲೆ ಗೊತ್ತು. ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲಿರಾದರೆ ಟಿಕ್ಕಾ ಟಿ3ಎಕ್ಸ್. ಅದೂ 70 ಡಿಗ್ರಿಯೇ, ಬೋಲ್ಟ್ ಬೆಣ್ಣೆಯಲ್ಲಿ ಜಾರಿದಂತೆ ಜಾರುತ್ತದೆ.

ಒಂಟಿಕಣ್ಣ:
ರೈಫಲ್ ಆಮೇಲೆ. ನಿಮ್ಮ ಪ್ರಬಲ ಕಣ್ಣು ಯಾವುದು? ಎರಡೂ ಕೈ ಮುಂದೆ ಚಾಚಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಸಣ್ಣ ಕಿಂಡಿ ಮಾಡಿ, ದೂರದ ಗುರುತೊಂದನ್ನು ಅದರೊಳಗೆ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಿದ್ದಾಗ ಗುರುತು ಕಿಂಡಿಯೊಳಗೇ ಉಳಿಯುತ್ತದೋ ಅದು ಪ್ರಬಲ ಕಣ್ಣು. ಅದು ಬಲಗಣ್ಣಾಗಿದ್ದರೆ ಎಡಗೈ ರೈಫಲ್ ಕೊಂಡು ದುಡ್ಡು ಹಾಳು ಮಾಡಬೇಡಿ.

ಎಡಚಯ್ಯ:
ನನ್ನ ಕಣ್ಣು ನನಗೆ ಗೊತ್ತು. ನಾನು ಕೇಳಿದ್ದು ರೈಫಲ್.

ಒಂಟಿಕಣ್ಣ:
ಎಲ್ಲರೂ ಹಾಗೇ ಹೇಳುತ್ತಾರೆ. ಎಡಗೈಯಲ್ಲಿ ಬರೆಯುವವರೆಲ್ಲ ಎಡಗಣ್ಣಿನವರೇ ಆಗಿರಬೇಕೆಂದಿಲ್ಲ. ಪರೀಕ್ಷೆ ಮಾಡಿ, ಫಲಿತಾಂಶ ಇಲ್ಲಿ ಹಾಕಿ.

ಬಲಗೈಭಂಟ:
ನನ್ನದೊಂದು ತಕರಾರು. ಎಡಗೈಯವರಿಗೆ ಎಡಗೈ ಬೋಲ್ಟೇ ಬೇಕೆಂಬುದು ಅರ್ಧ ಸತ್ಯ. ರೈಫಲ್ ಎರಡು ಕಾಲಿನ ಬೈಪಾಡ್ ಮೇಲೋ ಮರಳಿನ ಚೀಲದ ಮೇಲೋ ಕೂತಿದ್ದರೆ ಎಡಗೈ ಹಿಡಿಯಲ್ಲೇ ಇರುತ್ತದೆ, ಬಲಗೈ ಬಿಡುವಾಗಿರುತ್ತದೆ. ಅದರಲ್ಲಿ ಬಲಬದಿಯ ಬೋಲ್ಟ್ ಎಳೆಯಬಹುದು. ತಲೆ ಎತ್ತುವ ಪ್ರಶ್ನೆಯೇ ಇಲ್ಲ, ಟ್ರಿಗರಿನಿಂದ ಕೈ ತೆಗೆಯುವುದೂ ಬೇಡ. ನಿಜ ಹೇಳಬೇಕೆಂದರೆ ಬಲಗೈಯವರಿಗಿಂತ ನಿಮಗೇ ಅನುಕೂಲ.

ಹಳೇಕೋವಿ:
ಹಂದಿ ಬರುವಾಗ ಮರಳಿನ ಚೀಲ ಹೊತ್ತುಕೊಂಡು ಬರುತ್ತದೆಯೇ ಭಂಟರೇ? ನಿಂತು ಹೊಡೆಯುವವನ ಬಲಗೈ ನಳಿಗೆಯ ಕೆಳಗಿರುತ್ತದೆ. ಅದನ್ನು ತೆಗೆದರೆ ಮೂತಿ ನೆಲಕ್ಕೆ.
ಇನ್ನೂ ಒಂದು ಮಾತು. ಎಡ ಹೆಗಲಿಗೆ ಕೊಟ್ಟವನ ಮುಖ ರೈಫಲಿನ ಬಲಕ್ಕಿರುತ್ತದೆ. ಬಲಗೈ ರೈಫಲಿನಲ್ಲಿ ಕೇಸ್ ಹೊರಬೀಳುವ ಕಿಂಡಿಯೂ ಬಲಕ್ಕೇ. ತೋಟಾದ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ತೂತಾದರೆ, ಕೇಸ್ ಸೀಳಿದರೆ, ಬಿಸಿ ಅನಿಲ ಕಣ್ಣಿನ ಪಕ್ಕಕ್ಕೇ ಬರುತ್ತದೆ. ಅಪರೂಪ, ಒಪ್ಪಿದೆ. ಕನ್ನಡಕವಿಲ್ಲದೆ ಹೊಡೆಯಬೇಡಿ ಅಷ್ಟೆ.

ಬಲಗೈಭಂಟ:
ಹೆದರಿಸುವುದೇ ಆಯಿತು. ಲಕ್ಷಾಂತರ ಜನ ಎಡಚರು ಬಲಗೈ ರೈಫಲಿನಲ್ಲಿ ಹೊಡೆದು ಮುದುಕರಾಗಿದ್ದಾರೆ.

ಹಳೇಕೋವಿ:
ಕನ್ನಡಕ ಹಾಕಿಕೊಳ್ಳಿ ಎಂದೆ, ಕೋವಿ ಹೂಳಿರಿ ಎನ್ನಲಿಲ್ಲ.
ಎಡಚಯ್ಯನವರೇ, ಖಾಲಿ ಕೇಸ್ ಒಳಗೇ ಉಳಿಯುತ್ತದೆ ಎಂದಿರಲ್ಲ, ಅದು ಹಳೆಯ ಜರ್ಮನ್ ಮೌಸರ್ 98ರ ಜಾತಿಯ ರೈಫಲ್ ತಾನೇ? ಅದರಲ್ಲಿ ಕೇಸ್ ಹೊರಹಾಕುವುದು ಸ್ಪ್ರಿಂಗ್ ಅಲ್ಲ, ರಿಸೀವರಿನ (ಬೋಲ್ಟ್ ಓಡಾಡುವ ಉಕ್ಕಿನ ಚೌಕಟ್ಟಿನ) ಹಿಂಬದಿಯಲ್ಲಿ ನಿಂತಿರುವ ಉಕ್ಕಿನ ಅಲಗು. ಬೋಲ್ಟ್ ಎಷ್ಟು ಜೋರಾಗಿ ಹಿಂದೆ ಬಂದು ಬಡಿಯುತ್ತದೋ ಕೇಸ್ ಅಷ್ಟು ದೂರ ಹಾರುತ್ತದೆ. ಮೇಲಿಂದ ಕೈ ದಾಟಿಸಿ ಸಂಕೋಚದಲ್ಲಿ ಎಳೆದರೆ ಅದೂ ಸಂಕೋಚದಲ್ಲೇ ಕೂರುತ್ತದೆ. ನಾಲ್ಕು ದಿನ ಖಾಲಿ ಕೇಸ್ ಹಾಕಿಕೊಂಡು ಜೋರಾಗಿ ಎಳೆದು ರೂಢಿ ಮಾಡಿ.

ಎಡಚಯ್ಯ:
ಹೌದು, ಮೌಸರೇ. ಎಳೆಯುವುದು ಮೆಲ್ಲಗೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಆದರೆ ಜೋರಾಗಿ ಎಳೆದರೆ ರೈಫಲ್ಲೇ ಹೆಗಲಿನಿಂದ ಜಾರುತ್ತದೆ. ಹಿಡಿಯ ಕೆನ್ನೆಯಾಸರೆ ಎಡಬದಿಗಿದೆ, ನನ್ನ ಕೆನ್ನೆ ಬಲಬದಿಗೆ. ಆತುಕೊಳ್ಳಲು ಏನೂ ಇಲ್ಲ.

ಒಂಟಿಕಣ್ಣ:
ಪರೀಕ್ಷೆಯ ಫಲಿತಾಂಶ ಇನ್ನೂ ಬರಲಿಲ್ಲ. ಎರಡನೇ ಗುಂಡು ತಪ್ಪುವುದಕ್ಕೆ ಕಣ್ಣೇ ಕಾರಣ ಎಂದು ನನಗೆ ಖಾತ್ರಿಯಾಗುತ್ತಿದೆ. ತಲೆ ಎತ್ತಿದಾಗ ಬಲಗಣ್ಣು ಮೇಲುಗೈ ಸಾಧಿಸುತ್ತದೆ, ಮತ್ತೆ ಸ್ಕೋಪಿಗೆ ಬರುವಾಗ ಗೊಂದಲ. ಬಲ ಹೆಗಲಿಗೆ ಬದಲಾಯಿಸಿ, ಆರು ತಿಂಗಳಲ್ಲಿ ರೂಢಿಯಾಗುತ್ತದೆ. ಖರ್ಚು ಸೊನ್ನೆ.

ತೋಟಾಪುಟ್ಟ:
ಸ್ಕೋಪಿನಲ್ಲಿ ಒಂದೇ ಕಣ್ಣು ತಾನೇ ನೋಡುವುದು ಮಾರಾಯರೇ. ಶಾಟ್‌ಗನ್ನಿನ ಪಾಠವನ್ನು ಇಲ್ಲಿ ತಂದು ಏಕೆ ಒಪ್ಪಿಸುತ್ತೀರಿ?

ಒಂಟಿಕಣ್ಣ:
ಎರಡೂ ಕಣ್ಣು ತೆರೆದು ಹೊಡೆಯುವವರಿಗೆ ಸ್ಕೋಪಿನಲ್ಲೂ ಅನ್ವಯಿಸುತ್ತದೆ. ಫಲಿತಾಂಶ ಹಾಕಲಿ, ಮಾತಾಡೋಣ.

ಎಡಚಯ್ಯ:
ಹಾಕುತ್ತೇನೆ, ಕೇಳಿ. ಬಲಗಣ್ಣಿಗೆ ಚಿಕ್ಕಂದಿನಿಂದಲೂ ಮಂಜು. ಕನ್ನಡಕ ಹಾಕಿದರೂ ಅಕ್ಷರ ಕಾಣುವುದಿಲ್ಲ. ಅದಕ್ಕೇ ಎಡ ಹೆಗಲು. ಕೈಯಲ್ಲಿ ನಾನು ಬಲಗೈಯವನೇ, ಬರೆಯುವುದು ಉಣ್ಣುವುದು ಎಲ್ಲ ಬಲಗೈಯಲ್ಲೇ. ಇದನ್ನೆಲ್ಲ ಹೇಳಬೇಕೆಂದು ಅನ್ನಿಸಲಿಲ್ಲ. ಎಡಗೈ ರೈಫಲ್ ಕೇಳುವವನು ಎಡಗಣ್ಣಿನಿಂದಲೇ ನೋಡುತ್ತಾನೆ ಎಂದುಕೊಂಡಿದ್ದೆ.

ಒಂಟಿಕಣ್ಣ:
ಹಾಗಾದರೆ ಮೊದಲೇ ಹೇಳಬೇಕಿತ್ತು. ಆದರೂ ನಾನು ಕೇಳಿದ್ದು ಸರಿಯಾದ ಪ್ರಶ್ನೆಯೇ.

ಬಲಗೈಭಂಟ:
ನೋಡಿದಿರಾ! ಕೈ ಬಲ, ಕಣ್ಣು ಎಡ. ಬಲಗೈ ಬೋಲ್ಟನ್ನು ಪಳಗಿದ ಬಲಗೈಯಲ್ಲೇ ಎಳೆಯಬಹುದು. ಇಂಥವರಿಗೆಂದೇ ಹೇಳಿದ್ದು ನಾನು. ಒಂದು ಬೈಪಾಡ್ ಕೊಳ್ಳಿ.

ಎಡಚಯ್ಯ:
ನಾನು ಹೊಡೆಯುವುದು ನಿಂತು, ಮರಕ್ಕೆ ಒರಗಿ. 80, ಹೆಚ್ಚೆಂದರೆ 120 ಮೀಟರ್. ಬೈಪಾಡ್ ಕಾಲು ಊರುವುದು ಎಲ್ಲಿ, ಗಾಳಿಯಲ್ಲೇ?

ತೋಟಾಪುಟ್ಟ:
ಇಷ್ಟೆಲ್ಲ ಆಯಿತು, ಯಾವ ತೋಟಾ ಎಂದು ಯಾರೂ ಕೇಳಲಿಲ್ಲ. .308 ಎಂದು ನಾವೆಲ್ಲ ಊಹಿಸಿಕೊಂಡು ಬರೆಯುತ್ತಿದ್ದೇವೆ.

ಗುರಿಕಾರ:
6.5 ಕ್ರೀಡ್‌ಮೂರ್ ತೆಗೆದುಕೊಳ್ಳಲಿ. ಒದೆತ ಕಡಿಮೆ, 600 ಮೀಟರಿನಲ್ಲೂ ಗುಂಡು ದಾರಿ ಬಿಡುವುದಿಲ್ಲ.

ಮರದಹಿಡಿ:
120 ಮೀಟರಿನ ಹಂದಿಗೆ 600 ಮೀಟರಿನ ತೋಟಾ. ಪಕ್ಕದ ಮನೆಗೆ ಹೋಗಲು ರೈಲು.

ಎಡಚಯ್ಯ:
7×57 ಮೌಸರ್. ಹೊಸದೂ ಅದೇ ಬೇಕು ಎಂದು ಹೇಳುವುದೇ ಬೇಡ ಎಂದುಕೊಂಡಿದ್ದೆ. ತೋಟಾ ನಾನೇ ಕಟ್ಟಿಕೊಳ್ಳುತ್ತೇನೆ. ಗುಂಡು, ಕೇಸ್ ಎಲ್ಲ ಡಬ್ಬಿಗಟ್ಟಲೆ ಇದೆ.

ಹಳೇಕೋವಿ:
ಅಯ್ಯೋ ದೇವರೇ. ಮೊದಲ ಸಾಲಿನಲ್ಲೇ ಇದನ್ನು ಬರೆದಿದ್ದರೆ ಅರ್ಧ ಜಗಳ ಉಳಿಯುತ್ತಿತ್ತು. 7×57 ಹುಟ್ಟಿದ್ದು 1892ರಲ್ಲಿ. ಒಳ್ಳೆಯ ತೋಟಾ, ಮಾತೇ ಇಲ್ಲ. ಆದರೆ ಎಡಗೈಗೆ ರಿಸೀವರ್, ಬೋಲ್ಟ್, ಹಿಡಿ ಎಲ್ಲವನ್ನೂ ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿ ಬೇರೆಯಾಗಿ ಮಾಡಬೇಕು, ಕೊಳ್ಳುವವರೋ ಕಡಿಮೆ. ಹಾಗಾಗಿ ಕಾರ್ಖಾನೆಗಳು ಎಡಗೈ ಮಾದರಿಗಳನ್ನು ಚೆನ್ನಾಗಿ ಓಡುವ ಕೆಲವು ತೋಟಾಗಳಿಗಷ್ಟೇ ಮಾಡುತ್ತವೆ: .243, .270, .308, .30-06, ಈಗ 6.5 ಕ್ರೀಡ್‌ಮೂರ್, ಇಂಥವು. ಅಗ್ಗದ, ಎಡಗೈಯ, 7×57: ಈ ಮೂರನ್ನೂ ಒಟ್ಟಿಗೆ ಕೇಳಿದರೆ ಕೈ ಖಾಲಿ.

ತೋಟಾಪುಟ್ಟ:
ಒಂದು ಉಪಾಯವಿದೆ. ಹಳೆಯ ಸ್ಯಾವೇಜ್ 110, ಎಡಗೈಯದು, .30-06. ಅದರ ನಳಿಗೆಯನ್ನು ನಟ್ ಬಿಗಿದು ನಿಲ್ಲಿಸಿರುತ್ತಾರೆ, ಬದಲಾಯಿಸುವುದು ಸುಲಭ. ಎರಡೂ ತೋಟಾಗಳ ಅಂಚಿನ ಅಗಲ ಒಂದೇ, 12 ಮಿಲಿಮೀಟರ್, ಬೋಲ್ಟಿನ ತಲೆ ಮುಟ್ಟಬೇಕಿಲ್ಲ. ಮ್ಯಾಗಜಿನ್ನಿನ ಉದ್ದವೂ ಸಾಕು. 7×57 ನಳಿಗೆ ಕೂರಿಸಿ, ಹೆಡ್‌ಸ್ಪೇಸ್ ಗೇಜ್ (ತೋಟಾ ಕೂರುವ ಜಾಗದ ಬಿಡುವು ಅಳೆಯುವ ಸಾಧನ) ಇರುವ ಕೆಲಸಗಾರನಿಂದ ಅಳೆಸಿಕೊಳ್ಳಿ.

ಹಳೇಕೋವಿ:
ರೈಫಲ್ಲಿಗೊಂದು ದುಡ್ಡು, ನಳಿಗೆಗೊಂದು, ಕೆಲಸಗಾರನಿಗೊಂದು. ಅಗ್ಗ ಎಂಬ ಮಾತು ಅಲ್ಲೇ ಸತ್ತಿತು. ಅದರ ಬದಲು 7ಎಂಎಂ-08 ನೋಡಿ. 1980ರಲ್ಲಿ ರೆಮಿಂಗ್ಟನ್ ಪೇಟೆಗೆ ತಂದದ್ದು, .308ರ ಕೇಸಿನ ಕತ್ತನ್ನು 7 ಮಿಲಿಮೀಟರಿಗೆ ಕಿರಿದು ಮಾಡಿದ ತೋಟಾ. ಗುಂಡಿನ ವ್ಯಾಸ ನಿಮ್ಮದೇ. ನಿಮ್ಮ ಗುಂಡಿನ ಡಬ್ಬಿಗಳು ಉಪಯೋಗಕ್ಕೆ ಬರುತ್ತವೆ, ಕೇಸ್‌ಗಳು ಮಾತ್ರ ಬಾರವು. 120 ಮೀಟರಿನಲ್ಲಿ ಹಂದಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಬಳಸಿದ್ದು ಸಿಕ್ಕರೂ ಸರಿ. ಸೇಫ್ಟಿ ಹಿಡಿಯ ಮೇಲೆ, ಹೆಬ್ಬೆರಳಿಗೆ ಸಿಗುವಂತಿರಲಿ.

ತೋಟಾಪುಟ್ಟ:
ಇದು ನನಗೂ ಒಪ್ಪಿಗೆ. ಎಚ್ಚರಿಕೆ ಒಂದೇ: 7×57ರ ಮದ್ದಿನ ಅಳತೆಯನ್ನು ಅದಕ್ಕೆ ನಕಲು ಮಾಡಬೇಡಿ, 7ಎಂಎಂ-08ರ ಪಟ್ಟಿಯಿಂದಲೇ ಕೆಳಗಿನ ಅಳತೆ ಹಿಡಿದು ಶುರು ಮಾಡಿ. ಎರಡು ತೋಟಾಗಳನ್ನೂ ಒಂದೇ ಮೇಜಿನ ಮೇಲೆ ಇಟ್ಟುಕೊಳ್ಳಬೇಡಿ. ಗುಂಡಿನ ತೂಕ ಎಷ್ಟು ಗ್ರೇನ್?

ಎಡಚಯ್ಯ:
ಅರ್ಧ 140, ಅರ್ಧ 175, ಉರುಟು ಮೂತಿಯದು.

ತೋಟಾಪುಟ್ಟ:
140 ಹೇಳಿ ಮಾಡಿಸಿದಂತಿದೆ. 175 ಚಿಕ್ಕ ಮ್ಯಾಗಜಿನ್ನಿಗೆ ಹೊಂದಬೇಕಾದರೆ ಕೇಸಿನೊಳಗೆ ಹೆಚ್ಚು ಇಳಿಯುತ್ತದೆ, ಮದ್ದಿನ ಜಾಗ ತಿನ್ನುತ್ತದೆ. ಅದನ್ನು ಮೌಸರಿಗೇ ಉಳಿಸಿ.

ಗುರಿಕಾರ:
ನನ್ನ ಮೇಜಿನ ಚಿತ್ರ ಹಾಕಿದ್ದೇನೆ ನೋಡಿ. ಐದು ರೈಫಲ್, ಎಲ್ಲಕ್ಕೂ ಒಂದೇ ಬಗೆಯ ಸ್ಕೋಪ್, ಸ್ಕೋಪ್ ಹಿಡಿದಿಡುವ ಎಲ್ಲ ರಿಂಗ್‌ಗಳನ್ನೂ ಟಾರ್ಕ್ ಸ್ಪ್ಯಾನರಿನಲ್ಲೇ ಬಿಗಿದದ್ದು. ಎಡದಿಂದ ಎರಡನೆಯದು ಕ್ರೀಡ್‌ಮೂರ್.

ಮರದಹಿಡಿ:
ಐದರಲ್ಲಿ ಒಂದಕ್ಕೂ ಅಕ್ರೋಟ್ ಮರವಿಲ್ಲ. ಕಣ್ಣಿಗೆ ನೋವಾಯಿತು.

*(ಐದು ವಾರದ ನಂತರ)*

ಎಡಚಯ್ಯ:
ಬಳಸಿದ ಎಡಗೈ ರೈಫಲ್ ಸಿಕ್ಕಿತು, 7ಎಂಎಂ-08ರದ್ದೇ. ಕಂಪನಿಯ ಹೆಸರು ಬರೆಯುವುದಿಲ್ಲ, ಬರೆದರೆ ಮತ್ತೆ ಮೂರು ಪುಟ ಜಗಳ. ತಲೆ ಎತ್ತದೆ ಎರಡನೆಯ ಗುಂಡು ಹೊಡೆದೆ, ಜೀವನದಲ್ಲಿ ಮೊದಲ ಸಲ. ಆದರೆ ಎಡಗೈಗೆ ಎಡಬದಿಯ ಬೋಲ್ಟ್ ಎಳೆದು ರೂಢಿಯೇ ಇಲ್ಲ, ಮಗು ಚಮಚ ಹಿಡಿದಂತಿದೆ. ಈಗ ಹೊಸ ತೊಂದರೆ: ಮೂರು ಬಾರಿಗೆ ಒಮ್ಮೆ ಖಾಲಿ ಕೇಸ್ ಸ್ಕೋಪಿನ ಎಡಗಡೆಯ ತಿರುಗುಣಿಗೆ ಬಡಿದು ವಾಪಸ್ ಒಳಗೆ ಬೀಳುತ್ತದೆ. ಈ ಸಲ ಜೋರಾಗಿಯೇ ಎಳೆಯುತ್ತಿದ್ದೇನೆ!

ಹಳೇಕೋವಿ:
ಅದು ಪ್ಯಾರಲಾಕ್ಸ್ (ಕಣ್ಣು ಅಲುಗಿದರೆ ಗುರಿಗೆರೆ ಸರಿದಂತೆ ಕಾಣುವ ದೋಷ) ತಿದ್ದುವ ತಿರುಗುಣಿ. ಅದು ಸಾಮಾನ್ಯವಾಗಿ ಎಡಕ್ಕೇ ಇರುತ್ತದೆ, ಎಡಗೈ ರೈಫಲಿನ ಕೇಸೂ ಎಡಕ್ಕೇ ಹಾರುತ್ತದೆ, ಹಾಗಾಗಿ ನಿಮ್ಮ ಕೇಸ್ ನೇರ ಅದಕ್ಕೇ ಹೋಗುತ್ತದೆ. ಅದರ ಸುತ್ತ ಬಿಳಿ ಟೇಪ್ ಸುತ್ತಿ ಹೊಡೆಯಿರಿ, ಮಸಿ ಎಲ್ಲಿ ಹತ್ತುತ್ತದೆ ನೋಡಿ. ಕೆಳಗಿನ ಅಂಚಿಗೆ ಮಾತ್ರವಾದರೆ ಒಂದು ಮೆಟ್ಟಿಲು ಎತ್ತರದ ರಿಂಗ್ ಸಾಕು. ಮಧ್ಯಕ್ಕೇ ಆದರೆ ಆ ತಿರುಗುಣಿಯೇ ಇಲ್ಲದ ಸಾದಾ ಸ್ಕೋಪ್ ಹಾಕಿ, 120 ಮೀಟರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ. ಕೇಸನ್ನು ಹೊರಗೆಸೆಯುವ ಎಜೆಕ್ಟರಿನ ಸ್ಪ್ರಿಂಗ್ ಕತ್ತರಿಸಿ ಎಂದು ಯಾರಾದರೂ ಹೇಳಿಯಾರು, ಅದು ಕೊನೆಯ ದಾರಿ. ಹೆಚ್ಚು ಕತ್ತರಿಸಿದರೆ ಹಳೆಯ ಕಥೆಯೇ.

ಗುರಿಕಾರ:
ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ, ಐದು ನಿಮಿಷದ ಕೆಲಸ.

ಒಂಟಿಕಣ್ಣ:
ಸ್ಕೋಪ್ ಬದಲಾಯಿಸುವ ಮೊದಲು ಎಡಗಣ್ಣನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.

ಎಡಚಯ್ಯ:
ಟೇಪ್ ಸುತ್ತಿದ್ದೇನೆ. ಭಾನುವಾರ ಹೊಡೆದು ಬರೆಯುತ್ತೇನೆ.

ಮರದಹಿಡಿ:
ಭಾನುವಾರ ಹೋಗಿ ಮೂರು ಭಾನುವಾರವಾಯಿತು. ಅದಿರಲಿ, ಆ ಹಳೆಯ ಮೌಸರಿನ ಹಿಡಿ ಅಕ್ರೋಟ್ ಮರದ್ದೇ? ಕೊಡುವ ಯೋಚನೆ ಇದ್ದರೆ ನನಗೆ ಮೊದಲು ತಿಳಿಸಿ.