ಸಹಾಯ ಬೇಕು: ಹೆಂಚಿನ ಮನೆಗೆ ಡಾರ್ಮರ್ ಕಿಟಕಿ ಮಾಡುವ ಆಚಾರಿ ಗೊತ್ತಾ?

ಎಲ್ಲರಿಗೂ ನಮಸ್ಕಾರ. ಬಸವನಗುಡಿಯಲ್ಲಿ ನಮ್ಮದು ಹಳೇ ಮಂಗಳೂರು ಹೆಂಚಿನ ಮನೆ. ಅಟ್ಟದಲ್ಲಿ ಮಟಮಟ ಮಧ್ಯಾಹ್ನವೂ ಲೈಟ್ ಹಾಕಬೇಕು, ಬೇಸಿಗೆಯಲ್ಲಂತೂ ಕೂರೋಕೇ ಆಗಲ್ಲ. ಅದನ್ನು ಮಗಳಿಗೆ ಓದುವ ರೂಮು ಮಾಡಿಕೊಡೋಣ ಅಂತ ತುಂಬಾ ಆಸೆ. ಅದಕ್ಕೇ ಇಳಿಜಾರು ಮಾಡಿನಿಂದ ಹೊರಗೆ ಚಾಚಿಕೊಂಡು, ಮೇಲೆ ತನ್ನದೇ ಪುಟ್ಟ ಸೂರು ಇರುವ ಡಾರ್ಮರ್ ಕಿಟಕಿ ಇಡಿಸಬೇಕು ಅಂದುಕೊಂಡಿದ್ದೇವೆ. 16ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷಿಗೆ ಬಂದ ಈ ಹೆಸರಿನ ಮೂಲ ಮಲಗುವ ಕೋಣೆಗೆ ಹಳೇ ಫ್ರೆಂಚಿನಲ್ಲಿದ್ದ ಪದ, ಅದರ ಹಿಂದೆ ‘ನಿದ್ದೆ ಮಾಡು’ ಅನ್ನುವ ಲ್ಯಾಟಿನ್ನಿನ ‘ಡಾರ್ಮಿರೆ’. ಅಟ್ಟದ ಕೋಣೆಗೆ ಇದೇ ಸರಿ ಅಲ್ವಾ? ಬೆಳಕು, ಗಾಳಿ ಮಾತ್ರ ಅಲ್ಲ, ತಲೆ ಎತ್ತಿ ನಿಲ್ಲೋಕೆ ಜಾಗವೂ ಸಿಗುತ್ತದೆ. ಸುಮ್ನೆ ಗಾಜಿನ ಹೆಂಚು ಹಾಕಿದರೆ ಅದು ಸಿಗಲ್ಲ.

ಭಯ ಇರೋದು ಮಳೆಯದ್ದೇ. ಕಿಟಕಿಯ ಪುಟ್ಟ ಸೂರು ದೊಡ್ಡ ಮಾಡಿಗೆ ಸೇರುವ ಮೂಲೆಯಲ್ಲಿ ಎರಡೂ ಕಡೆಯ ನೀರು ಒಟ್ಟಾಗಿ ಹರಿಯುತ್ತದೆ, ಅಲ್ಲಿ ಹೆಂಚಿನ ಅಡಿಗೆ ತಗಡು ಸರಿಯಾಗಿ ಮಡಚಿ ಕೂರಿಸದಿದ್ದರೆ ಸೋರುವುದು ಖಂಡಿತ. ಬಂದು ನೋಡಿದ ಮೇಸ್ತ್ರಿಯೊಬ್ಬರು ಸಿಮೆಂಟ್ ಮೆತ್ತಿದರೆ ಸಾಕು ಅಂದರು. ನನಗೆ ಒಪ್ಪಿಗೆಯಾಗಲಿಲ್ಲ, ಮರ ಹಿಗ್ಗಿ ಕುಗ್ಗಿದಾಗ ಸಿಮೆಂಟ್ ಬಿರುಕು ಬಿಡುತ್ತದೆ.

ಕಿಟಕಿಗೆ ಜಾಗ ಬಿಡಲು ಪಕಾಸಿ (ಹೆಂಚಿನ ಭಾರ ಹೊರುವ ಇಳಿಜಾರು ಮರ) ಕತ್ತರಿಸಿದ ಕಡೆ ಅಡ್ಡ ಮರ ಕೊಟ್ಟು, ಪಕ್ಕದ ಪಕಾಸಿಗಳನ್ನು ಜೋಡಿ ಮಾಡಿ ಗಟ್ಟಿಗೊಳಿಸುವುದು ಗೊತ್ತಿರುವ ಆಚಾರಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ತಗಡು ಅಲ್ಯೂಮಿನಿಯಂ ಒಳ್ಳೆಯದಾ, ಜಿಐ (ಸತು ಲೇಪಿಸಿದ ಕಬ್ಬಿಣ) ಶೀಟಾ? ಬಿಸಿಲು ಜಾಸ್ತಿ ಬೀಳದಿರಲಿ ಅಂತ ಉತ್ತರಕ್ಕೆ ಇಡೋಣ ಅಂತಿದ್ದೇವೆ. ಮಾಡಿಸಿದವರು ಫೋಟೋ ಹಾಕಿ, ಖರ್ಚು ಎಷ್ಟಾಯಿತು ಅಂತಲೂ ಹೇಳಿ.