ದಿನಾ ಅಮೃತಬಳ್ಳಿ ಕಷಾಯ: ಪ್ರಮಾಣ ಎಷ್ಟು?

ಉಡುಪಿಯವ: ಕೊರೊನಾ ಬಂದಾಗಿನಿಂದ ನಮ್ಮ ಕಡೆ ಕಷಾಯ ಕುಡಿದರೆ ಯಾವ ಸಾಂಕ್ರಾಮಿಕವೂ ಮುಟ್ಟುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ಮನೆಯ ಹಿರಿಯರು ಅಮೃತಬಳ್ಳಿ ಬಿಡುತ್ತಿಲ್ಲ. ತೊಂದರೆ ಉಂಟಾ?

ಕದ್ರಿ_ಕಷಾಯ: 2020ರಲ್ಲಿ ಆಯುಷ್ ಸಚಿವಾಲಯ ಹೇಳಿದ ಕಷಾಯ, ಅಂದರೆ ಆಯುಷ್ ಕ್ವಾಥ, ಅದರಲ್ಲಿ ಅಮೃತಬಳ್ಳಿಯೇ ಇಲ್ಲ ಮಾರಾಯ್ರೆ. ತುಳಸಿ 4 ಪಾಲು, ಚಕ್ಕೆ 2, ಒಣಶುಂಠಿ 2, ಕಾಳುಮೆಣಸು 1. ಈ ಪುಡಿ 3 ಗ್ರಾಂ, ಕುದಿಸಿದ ನೀರು 150 ಮಿ.ಲೀ., ದಿನಕ್ಕೆ ಒಂದೆರಡು ಸಲ. ಮೆಣಸು ಮುಷ್ಟಿಗಟ್ಟಲೆ ಸುರಿದರೆ ಹೊಟ್ಟೆಯುರಿ ಗ್ಯಾರಂಟಿ. ಗಂಟಲಿಗೆ ಹಿತ, ಅಷ್ಟೇ. ಲಸಿಕೆಗೆ ಬದಲಿ ಅಲ್ಲ.

ಲಿವರ್_ಮುಖ್ಯ: ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರ್‌ಗೆ ಪೆಟ್ಟಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದರು; ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆದರೂ ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಅಂದೇ ನಿಲ್ಲಿಸಿ, ಎಲ್‌ಎಫ್‌ಟಿ (ಲಿವರ್‌ನ ರಕ್ತ ಪರೀಕ್ಷೆ) ಮಾಡಿಸಿ. ಸಕ್ಕರೆ ಕಾಯಿಲೆಯ ಮಾತ್ರೆ ಇದ್ದರೆ ಡಾಕ್ಟರಿಗೆ ಹೇಳಿಯೇ ಕುಡಿಯಲಿ, ಸಕ್ಕರೆ ತೀರಾ ಇಳಿಯಬಹುದು.

ತೋಟದಾಚೆ: ತುಳುನಾಡಿನಲ್ಲಿ ಆಟಿ ತಿಂಗಳ ಅಮಾವಾಸ್ಯೆಗೆ ಕುಡಿಯುವ ಪಾಲೆ ಮರದ ತೊಗಟೆಯ ಕಷಾಯವೂ ವರ್ಷಕ್ಕೊಮ್ಮೆಯದು, ಜ್ವರ ಬಂತೆಂದು ವಾರಗಟ್ಟಲೆ ಕುಡಿಯುವುದಲ್ಲ. ನಸುಕಿನ ಕತ್ತಲೆಯಲ್ಲಿ ಪಾಲೆಯೆಂದುಕೊಂಡು ಕಾಸರಕ ಎಂಬ ವಿಷದ ಮರದ ತೊಗಟೆ ಕೆತ್ತಿ ತಂದು ಕುಡಿದರೆ ಸೆಳೆತ ಬಂದು ಪ್ರಾಣಕ್ಕೇ ಕುತ್ತು. ಪಾಲೆಯಲ್ಲಿ ಎಲೆಗಳು ಒಂದೇ ಗೆಣ್ಣಿನಲ್ಲಿ ಸುತ್ತಲೂ ಏಳರ ಹಾಗೆ, ಗೀರಿದರೆ ಬಿಳಿ ಹಾಲು. ಕಾಸರಕದಲ್ಲಿ ಎಲೆ ಎದುರುಬದುರು ಎರಡೇ, ಹಾಲಿಲ್ಲ. ಮರವನ್ನು ಹಿಂದಿನ ದಿನ ಹಗಲಲ್ಲೇ ನೋಡಿ ಗುರುತು ಹಾಕಿಡಿ.